ಹಳ್ಳಿಗೆ ಬರುವ ಕೃಷಿ ವಿದ್ಯಾರ್ಥಿಗಳು: ರೈತರು ಕೇಳಬೇಕಾದದ್ದು, ಕಲಿಸಬೇಕಾದದ್ದು



ಮುಂಗಾರು ಬೆಳೆ ಹೊಲದಲ್ಲಿರುವ ಕಾಲಕ್ಕೆ ಹತ್ತು ಹನ್ನೆರಡು ಮಂದಿ ಹುಡುಗ ಹುಡುಗಿಯರು ನಿಮ್ಮ ಊರಿಗೆ ಬಂದು ಬಿಡಾರ ಹೂಡಿದ್ದನ್ನು ನೀವು ನೋಡಿರಬಹುದು. ಕೈಯಲ್ಲಿ ಪುಸ್ತಕ ಹಿಡಿದು ಮನೆ ಮನೆಗೆ ಬಂದು ಪ್ರಶ್ನೆ ಕೇಳುತ್ತಾರೆ, ದೇವಸ್ಥಾನದ ಮುಂದೆ ರಂಗೋಲಿ ಪುಡಿಯಿಂದ ಊರಿನ ನಕ್ಷೆ ಬರೆಯುತ್ತಾರೆ, ಹೊಲದಿಂದ ಮಣ್ಣು ತೆಗೆಯುತ್ತಾರೆ. ಮೂರು ನಾಲ್ಕು ತಿಂಗಳಲ್ಲಿ ಹೊರಟುಹೋಗುತ್ತಾರೆ. ಇವರು ಯಾರು, ಏಕೆ ಬರುತ್ತಾರೆ, ಇವರಿಂದ ಊರಿಗೆ ಏನು ಪ್ರಯೋಜನ ಎಂಬ ಪ್ರಶ್ನೆ ನಿಮ್ಮ ಮನಸ್ಸಿನಲ್ಲಿ ಬಂದಿದ್ದರೆ ಅದು ಸಹಜವೇ. ಹಲವು ವರ್ಷ ಇಂಥ ತಂಡಗಳ ಜವಾಬ್ದಾರಿ ಹೊತ್ತ ಅಧ್ಯಾಪಕನಾಗಿ ಈ ಪ್ರಶ್ನೆಗೆ ಉತ್ತರ ಹೇಳುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ.

ಈ ಕಾರ್ಯಕ್ರಮ ಬಂದ ಬಗೆ

ವಿಶ್ವವಿದ್ಯಾನಿಲಯವು ಜನರ ನಡುವೆ ಹೋಗಿ ಕೆಲಸ ಮಾಡಬೇಕೆಂಬ ವಿಚಾರ ಹಳೆಯದು. ಅಮೆರಿಕದಲ್ಲಿ 1862ರ ಮೊರಿಲ್ ಕಾಯಿದೆಯಿಂದ ಕೃಷಿ ಕಾಲೇಜುಗಳು ಹುಟ್ಟಿದವು. 1914ರ ಸ್ಮಿತ್-ಲಿವರ್ ಕಾಯಿದೆಯಿಂದ ಆ ಕಾಲೇಜುಗಳ ವಿದ್ಯೆಯನ್ನು ರೈತನ ಮನೆ ಬಾಗಿಲಿಗೆ ಒಯ್ಯುವ ವಿಸ್ತರಣಾ ಸೇವೆ ಸ್ಥಾಪನೆಯಾಯಿತು. ನಮ್ಮ ದೇಶದ ಕೃಷಿ ವಿಶ್ವವಿದ್ಯಾನಿಲಯಗಳು ಇದೇ ಮಾದರಿಯನ್ನು ಅನುಸರಿಸಿದವು. ಮೊದಲನೆಯದು 1960ರಲ್ಲಿ ಪಂತನಗರದಲ್ಲಿ ಆರಂಭವಾಯಿತು. ನಮ್ಮ ರಾಜ್ಯದಲ್ಲಿ 1964ರಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ, ಆಮೇಲೆ 1986ರಲ್ಲಿ ಧಾರವಾಡದಲ್ಲಿ, 2008ರಲ್ಲಿ ರಾಯಚೂರಿನಲ್ಲಿ, 2012ರಲ್ಲಿ ಶಿವಮೊಗ್ಗದಲ್ಲಿ ಸ್ಥಾಪನೆಯಾದವು. ಬೋಧನೆ, ಸಂಶೋಧನೆ, ವಿಸ್ತರಣೆ ಈ ಮೂರೂ ಇವುಗಳ ಮುಖ್ಯ ಕರ್ತವ್ಯಗಳು.

ಆದರೂ ಒಂದು ಕೊರತೆ ಎದ್ದು ಕಾಣುತ್ತಿತ್ತು. ಪದವಿ ಪಡೆದು ಹೊರಬರುವ ಹುಡುಗನಿಗೆ ಪುಸ್ತಕದ ರಾಗಿ ಗೊತ್ತು, ಹೊಲದ ರಾಗಿ ಗೊತ್ತಿಲ್ಲ ಎಂಬ ದೂರು ಎಲ್ಲ ಕಡೆಯಿಂದ ಬರುತ್ತಿತ್ತು. 1970ರ ದಶಕದ ಕೊನೆಯಲ್ಲಿ ಡಾ. ಎಂ.ಎಸ್. ರಂಧಾವ ಅವರ ಅಧ್ಯಕ್ಷತೆಯ ಸಮಿತಿಯು ಕೃಷಿ ವಿಶ್ವವಿದ್ಯಾನಿಲಯಗಳ ಕೆಲಸವನ್ನು ಪರಿಶೀಲಿಸಿತು. ವೈದ್ಯ ವಿದ್ಯಾರ್ಥಿಗೆ ಆಸ್ಪತ್ರೆ ಹೇಗೋ ಹಾಗೆ ಕೃಷಿ ವಿದ್ಯಾರ್ಥಿಗೆ ಹಳ್ಳಿ ಎಂಬ ಅರ್ಥದಲ್ಲಿ, ಪದವಿ ವ್ಯಾಸಂಗದಲ್ಲಿಯೇ ಗ್ರಾಮೀಣ ಕೃಷಿ ಕಾರ್ಯಾನುಭವವನ್ನು ಸೇರಿಸಬೇಕೆಂಬ ಸಲಹೆ ಅಲ್ಲಿಂದ ಬಂತು. ಇಂದು ಕೃಷಿ ಪದವಿಯ ನಾಲ್ಕನೆಯ ವರ್ಷದಲ್ಲಿ ಇದು ಕಡ್ಡಾಯ. 2015ರಿಂದ ಇದನ್ನು 'ಸ್ಟೂಡೆಂಟ್ ರೆಡಿ' ಎಂಬ ದೊಡ್ಡ ಕಾರ್ಯಕ್ರಮದ ಅಂಗವನ್ನಾಗಿ ಮಾಡಲಾಗಿದೆ.

ಸೇವೆಯೋ, ಕಲಿಕೆಯೋ?

1969ರಲ್ಲಿ ಆರಂಭವಾದ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳನ್ನು ನೀವು ಬಲ್ಲಿರಿ. ವಿದ್ಯಾರ್ಥಿಗಳು ಒಂದು ವಾರ ಬಂದು ರಸ್ತೆ ಸರಿಪಡಿಸಿ, ಗಿಡ ನೆಟ್ಟು, ಚರಂಡಿ ತೆಗೆದು ಹೋಗುತ್ತಾರೆ. ಅಲ್ಲಿ ಸೇವೆಯೇ ಮುಖ್ಯ, ಅದರಿಂದ ಬರುವ ಕಲಿಕೆ ಲಾಭಾಂಶವಿದ್ದಂತೆ. ಕಾರ್ಯಾನುಭವದಲ್ಲಿ ಹಾಗಲ್ಲ. ವಿದ್ಯಾರ್ಥಿಯು ನಿಮ್ಮ ಊರಿನಲ್ಲಿ ಮಾಡುವ ಪ್ರತಿಯೊಂದು ಕೆಲಸಕ್ಕೂ ಅಂಕಗಳುಂಟು. ಅವನು ಕಲಿಯಲೆಂದೇ ಬರುತ್ತಾನೆ. ಇದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ.

ಆದರೆ ಕಲಿಯುವುದಕ್ಕೆ ಬಳಸುವ ಹೊಲ ನಿಮ್ಮದು, ಹೊತ್ತು ನಿಮ್ಮದು, ಊಟ ಹಾಕುವ ಮನೆಯೂ ಅನೇಕ ವೇಳೆ ನಿಮ್ಮದೇ. ಆದುದರಿಂದ ಕಲಿಕೆಯ ಜೊತೆಗೆ ಊರಿಗೆ ಕೈಗೆಟಕುವ ಪ್ರಯೋಜನವಾಗಲೇಬೇಕು. ಎರಡೂ ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳಂತೆ. ಒಂದು ಹಿಂದೆ ಬಿದ್ದರೆ ಸಾಲು ಸೊಟ್ಟಗಾಗುತ್ತದೆ. ಸಾಲು ನೇರವಾಗಿರುವಂತೆ ನೋಡಿಕೊಳ್ಳುವ ಹೊಣೆ ವಿದ್ಯಾರ್ಥಿಗಳದ್ದಲ್ಲ, ಅವರನ್ನು ಕರೆತರುವ ಅಧ್ಯಾಪಕರದ್ದು. ಏಕೆಂದರೆ ವಿದ್ಯಾರ್ಥಿಗಳು ಪ್ರತಿ ವರ್ಷ ಬದಲಾಗುತ್ತಾರೆ. ಕಾಲೇಜು, ಅಧ್ಯಾಪಕರು ಮತ್ತು ಊರು ಇದ್ದಲ್ಲೇ ಇರುತ್ತವೆ.

ನಮ್ಮಿಂದಾದ ಒಂದು ತಪ್ಪು

ನಾನು ಮೊದಲ ಬಾರಿಗೆ ತಂಡದ ಸಂಯೋಜಕನಾದ ವರ್ಷ ರಾಗಿ ಬೆಳೆಯುವ ಒಂದು ಹಳ್ಳಿಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದೆ. ಆಗಸ್ಟ್ ತಿಂಗಳು. ಹುಡುಗರು ಹುರುಪಿನಿಂದ 46 ಮಂದಿ ರೈತರ ಹೊಲಗಳಿಂದ ಮಣ್ಣಿನ ಮಾದರಿ ಸಂಗ್ರಹಿಸಿದರು. ನನಗೂ ಹೆಮ್ಮೆಯಾಯಿತು, ವರದಿಯಲ್ಲಿ ಆ ಸಂಖ್ಯೆಯನ್ನು ದೊಡ್ಡದಾಗಿ ಬರೆದೆ.

ಆದರೆ ಆಗಲೇ ರಾಗಿ ಬಿತ್ತನೆಯಾಗಿ ಬುಡಗೊಬ್ಬರ ಭೂಮಿ ಸೇರಿತ್ತು. ಮಾದರಿಗಳು ಪ್ರಯೋಗಾಲಯದಲ್ಲಿ ಸರದಿ ಕಾದವು. ಫಲಿತಾಂಶ ಕೈಗೆ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟರಲ್ಲಿ ವಿದ್ಯಾರ್ಥಿಗಳು ಊರು ಬಿಟ್ಟಿದ್ದರು. ಚೀಟಿಗಳನ್ನು ಹಂಚಲು ಹೋದಾಗ ಇನ್ನೊಂದು ತೊಡಕು ಕಂಡಿತು. ಚೀಟಿಯ ಮೇಲೆ ರೈತನ ಹೆಸರು ಮಾತ್ರ ಇತ್ತು, ಸರ್ವೆ ನಂಬರು ಇರಲಿಲ್ಲ. ಆ ಊರಿನಲ್ಲಿ ಒಂದೇ ಹೆಸರಿನವರು ಮೂವರು! ಯಾರ ಹೊಲದ ಮಣ್ಣಿನಲ್ಲಿ ರಂಜಕ ಕಡಿಮೆ, ಯಾರದ್ದರಲ್ಲಿ ಹೆಚ್ಚು ಎಂದು ಹೇಳುವ ದಾರಿಯೇ ಇರಲಿಲ್ಲ.

ಮರುವರ್ಷ ಅದೇ ಊರಿಗೆ ಹೋದೆ. ಅರಳಿಕಟ್ಟೆಯ ಮೇಲೆ ಕುಳಿತಿದ್ದ ಹಿರಿಯರೊಬ್ಬರು, "ಹೋದ ಸಲ ಮಣ್ಣು ತಗೊಂಡ್ ಹೋದ್ರಿ ಮೇಷ್ಟ್ರೇ. ಈ ಸಲ ಏನ್ ತಗೊಂಡ್ ಹೋಗಾಕೆ ಬಂದಿದ್ದೀರಿ?" ಎಂದು ಕೇಳಿದರು. ಅವರು ಕೋಪದಿಂದ ಕೇಳಲಿಲ್ಲ, ನಗುತ್ತಲೇ ಕೇಳಿದರು. ನನ್ನ ಬಳಿ ಉತ್ತರವಿರಲಿಲ್ಲ.

ತಪ್ಪು ಹುಡುಗರದ್ದಾಗಿರಲಿಲ್ಲ. ಚೀಟಿಯಲ್ಲಿ ಏನು ಬರೆಯಬೇಕೆಂದು ಅವರಿಗೆ ಸರಿಯಾಗಿ ಹೇಳಿಕೊಡದವನು ನಾನು. ಮಣ್ಣು ಪರೀಕ್ಷೆಯನ್ನು ಕಾಲೇಜಿನ ವೇಳಾಪಟ್ಟಿಗೆ ಹೊಂದಿಸಿದವನೂ ನಾನೇ. ಊರಿನ ಪಂಚಾಂಗ ಬೇರೆ, ಕಾಲೇಜಿನ ಪಂಚಾಂಗ ಬೇರೆ. ಇವೆರಡನ್ನು ಕೂಡಿಸುವುದೇ ಮುಂದಾಳು ಅಧ್ಯಾಪಕನ ಮೊದಲ ಕೆಲಸವೆಂದು ಆ ದಿನ ಅರಿವಾಯಿತು.

ಅಧ್ಯಾಪಕರ ಕೆಲಸವೇನು?

ಅಂದಿನಿಂದ ನಾವು ಕ್ರಮವನ್ನು ಬದಲಾಯಿಸಿಕೊಂಡೆವು. ಅಧ್ಯಾಪಕರ ಕೆಲಸವನ್ನು ಮೂರು ಹಂತಗಳಲ್ಲಿ ನೋಡಬಹುದು.

ವಿದ್ಯಾರ್ಥಿಗಳು ಬರುವ ಮೊದಲು: ಸುಗ್ಗಿ ಮುಗಿದ ಮೇಲೆ, ಫೆಬ್ರವರಿಯಿಂದ ಏಪ್ರಿಲ್ ಒಳಗೆ ಅಧ್ಯಾಪಕರು ತಾವೇ ಊರಿಗೆ ಹೋಗಬೇಕು. ಗ್ರಾಮ ಪಂಚಾಯಿತಿ, ಹಾಲು ಉತ್ಪಾದಕರ ಸಂಘ, ಸ್ತ್ರೀಶಕ್ತಿ ಗುಂಪುಗಳ ಸದಸ್ಯರೊಡನೆ ಕುಳಿತು ಊರಿಗೆ ಏನು ಬೇಕೆಂದು ಕೇಳಬೇಕು. ಮಣ್ಣಿನ ಮಾದರಿ ತೆಗೆಯುವುದಿದ್ದರೆ ಆಗಲೇ ತೆಗೆದು, ಮುಂಗಾರಿಗೆ ಮೊದಲೇ ಫಲಿತಾಂಶವನ್ನು ರೈತನ ಕೈಗೆ ಕೊಡಬೇಕು. ವಿದ್ಯಾರ್ಥಿಗಳು ಬಂದಾಗ ಆ ಚೀಟಿಯನ್ನು ಓದಿ ವಿವರಿಸುವುದೇ ಅವರಿಗೆ ಒಳ್ಳೆಯ ಪಾಠ.

ವಿದ್ಯಾರ್ಥಿಗಳು ಊರಿನಲ್ಲಿರುವಾಗ: ಬೇಸಾಯ ಶಾಸ್ತ್ರ, ಮಣ್ಣು ವಿಜ್ಞಾನ, ಕೀಟ ಮತ್ತು ರೋಗ ಶಾಸ್ತ್ರದ ಅಧ್ಯಾಪಕರು ಸರದಿಯಂತೆ ಊರಿಗೆ ಬರಬೇಕು. ವಿದ್ಯಾರ್ಥಿಯು ತಾನಾಗಿ ಯಾವ ಔಷಧವನ್ನೂ ಶಿಫಾರಸು ಮಾಡಬಾರದು. ಬೆಳೆಗೆ ರೋಗ ಕಂಡರೆ ಮಾದರಿ ತಂದು ಅಧ್ಯಾಪಕರಿಗೆ ತೋರಿಸಿ, ಅವರ ಸಹಿಯಿರುವ ಸಲಹೆಯನ್ನು ರೈತನಿಗೆ ಕೊಡಬೇಕು.

ವಿದ್ಯಾರ್ಥಿಗಳು ಹೋದ ಮೇಲೆ: ಬಾಕಿ ಉಳಿದ ಕೆಲಸದ ಪಟ್ಟಿ ಅಧ್ಯಾಪಕರ ಕೈಯಲ್ಲಿರಬೇಕು. ಕೊಯ್ಲಿನ ಕಾಲಕ್ಕೆ ಮತ್ತೊಮ್ಮೆ ಬಂದು ಇಳುವರಿ ಅಳೆಯಬೇಕು. ಒಂದೇ ಊರಿಗೆ ಮೂರು ವರ್ಷವಾದರೂ ತಂಡಗಳನ್ನು ಕಳುಹಿಸಿದರೆ ಮಾತ್ರ ಕೆಲಸ ಬೇರೂರುತ್ತದೆ.

ಊರಿನ ನಕ್ಷೆ ಮತ್ತು ಮಳೆಯ ಲೆಕ್ಕ

ರಂಗೋಲಿ ಪುಡಿಯ ನಕ್ಷೆಯನ್ನು ಕೆಲವರು ಮಕ್ಕಳಾಟವೆಂದು ತಿಳಿಯುತ್ತಾರೆ. ಅದು ಹಾಗಲ್ಲ. ಇದಕ್ಕೆ ಗ್ರಾಮೀಣ ಸಹಭಾಗಿತ್ವ ಸಮೀಕ್ಷೆ ಎನ್ನುತ್ತಾರೆ. 1990ರ ಸುಮಾರಿಗೆ ಕರ್ನಾಟಕದಲ್ಲಿ ಮೈರಾಡ ಮುಂತಾದ ಸಂಸ್ಥೆಗಳು ಇದನ್ನು ಹಳ್ಳಿಗಳಲ್ಲಿ ಬಳಸಿ ತೋರಿಸಿದವು. ನಕ್ಷೆ ಬರೆಯಬೇಕಾದವರು ಊರಿನವರು. ವಿದ್ಯಾರ್ಥಿಗಳು ನೋಡಿ ಬರೆದುಕೊಳ್ಳಬೇಕು. ಕೆರೆ, ಕೊಳವೆ ಬಾವಿ, ಗೋಮಾಳ, ಕೆಂಪು ಮಣ್ಣು, ಚೌಳು ನೆಲ ಇವೆಲ್ಲ ಎಲ್ಲಿವೆ ಎಂಬುದು ಒಂದು ಗಂಟೆಯಲ್ಲಿ ನೆಲದ ಮೇಲೆ ಮೂಡುತ್ತದೆ.

ಇದೇ ರೀತಿ ವರ್ಷದ ಕೆಲಸದ ಪಟ್ಟಿಯನ್ನೂ ಮಾಡಬೇಕು. ಜೂನ್, ಜುಲೈ ಎಂದು ಕೇಳುವುದಕ್ಕಿಂತ ರೋಹಿಣಿ, ಮೃಗಶಿರ, ಆರಿದ್ರ, ಪುನರ್ವಸು ಎಂದು ಮಳೆಯ ಹೆಸರಿನಿಂದ ಕೇಳಿದರೆ ಹಿರಿಯರು ಸರಾಗವಾಗಿ ಹೇಳುತ್ತಾರೆ. ಯಾವ ಮಳೆಗೆ ಉಳುಮೆ, ಯಾವ ಮಳೆಗೆ ಬಿತ್ತನೆ, ಯಾವಾಗ ಮೇವಿಗೆ ಕಷ್ಟ, ಯಾವಾಗ ಸಾಲ ತರಬೇಕಾಗುತ್ತದೆ ಎಂಬುದೆಲ್ಲ ಇದರಲ್ಲಿ ಬರುತ್ತದೆ.

ಒಂದು ಎಚ್ಚರಿಕೆ ಇಲ್ಲಿ ಅಗತ್ಯ. ಬೆಳಿಗ್ಗೆ ಹನ್ನೊಂದು ಗಂಟೆಗೆ ಸಭೆ ಕರೆದರೆ ಹೆಂಗಸರು ಹೊಲದಲ್ಲಿರುತ್ತಾರೆ. ಒಂದು ಊರಿನಲ್ಲಿ ನಾವು ಹಗಲಿನಲ್ಲಿ ಗಂಡಸರ ಸಭೆ ಮಾತ್ರ ಮಾಡಿ ಹೊಸ ತಳಿಯ ಪ್ರಾತ್ಯಕ್ಷಿಕೆಯೇ ಊರಿನ ಮೊದಲ ಅಗತ್ಯವೆಂದು ಬರೆದುಕೊಂಡಿದ್ದೆವು. ಸಂಜೆ ಹಾಲು ಹಾಕಿ ಬಂದ ಹೆಂಗಸರನ್ನು ವಿದ್ಯಾರ್ಥಿನಿಯರು ಕೂರಿಸಿಕೊಂಡು ಕೇಳಿದಾಗ, ಬೇಸಿಗೆಯಲ್ಲಿ ಹಸಿರು ಮೇವಿಲ್ಲದೆ ಹಾಲು ಇಳಿಯುವುದೇ ದೊಡ್ಡ ತೊಂದರೆಯೆಂದು ತಿಳಿಯಿತು. ಬಚ್ಚಲು ನೀರು ಹರಿಯುವ ಜಾಗದಲ್ಲಿ ನೇಪಿಯರ್ ಹುಲ್ಲಿನ ಕಡ್ಡಿ ನೆಡುವುದು, ರಾಗಿ ಹುಲ್ಲನ್ನು ಕತ್ತರಿಸಿ ಹಾಕಿ ಪೋಲಾಗುವುದನ್ನು ತಪ್ಪಿಸುವುದು ಇವೇ ಆ ವರ್ಷದ ಮುಖ್ಯ ಕೆಲಸಗಳಾದವು. ಕೇಳುವವರು ಬದಲಾದರೆ, ಕೇಳುವ ಹೊತ್ತು ಬದಲಾದರೆ ಉತ್ತರವೂ ಬದಲಾಗುತ್ತದೆ.

ವಿದ್ಯಾರ್ಥಿಗಳಿಂದ ಮಾಡಿಸಿಕೊಳ್ಳಬಹುದಾದ ಕೆಲಸಗಳು

1. ಮೊಳಕೆ ಪರೀಕ್ಷೆ: ಮನೆಯಲ್ಲಿಟ್ಟ ಬಿತ್ತನೆ ರಾಗಿಯಿಂದ ಆರಿಸದೆ 100 ಕಾಳು ಎಣಿಸಿ ತೆಗೆದುಕೊಳ್ಳಿ. ಒದ್ದೆ ಬಟ್ಟೆಯ ಮೇಲೆ ಹರಡಿ, ಸುತ್ತಿ, ತೇವ ಆರದಂತೆ ಎಂಟು ದಿನ ಇಡಿ. ಒಳ್ಳೆಯ ಮೊಳಕೆಗಳನ್ನು ಎಣಿಸಿ. ಪ್ರಮಾಣೀಕೃತ ರಾಗಿ ಬೀಜದಲ್ಲಿ ಕನಿಷ್ಠ 75 ಮೊಳೆಯಬೇಕೆಂಬ ನಿಯಮವಿದೆ. ನಿಮ್ಮ ಬೀಜದಲ್ಲಿ 60 ಮಾತ್ರ ಮೊಳೆತರೆ, ಕೂರಿಗೆ ಬಿತ್ತನೆಗೆ ಎಕರೆಗೆ 5 ಕಿಲೋ ಬದಲು 6¼ ಕಿಲೋ ಬೇಕಾಗುತ್ತದೆ. ಅದಕ್ಕಿಂತ ಕಡಿಮೆಯಾದರೆ ಬೀಜ ಬದಲಾಯಿಸುವುದೇ ಲೇಸು. ಈ ಪರೀಕ್ಷೆಯನ್ನು ಬಿತ್ತನೆಗೆ ಮೂರು ವಾರ ಮೊದಲು ಮಾಡಬೇಕು. ವಿದ್ಯಾರ್ಥಿಗಳು ತಡವಾಗಿ ಬಂದರೆ ಅವರಿಂದ ವಿಧಾನವನ್ನು ಕಲಿತುಕೊಂಡು ಮುಂದಿನ ವರ್ಷ ನೀವೇ ಮಾಡಿಕೊಳ್ಳಬಹುದು.

2. ಮಣ್ಣಿನ ಮಾದರಿ: ಒಂದೇ ಬಗೆಯ ಮಣ್ಣಿರುವ ಹೊಲದಲ್ಲಿ ಹತ್ತು ಕಡೆ ಗುರುತು ಮಾಡಿ. ಬದು, ಮರದ ನೆರಳು, ತಿಪ್ಪೆ ಇದ್ದ ಜಾಗ, ನೀರು ನಿಲ್ಲುವ ಜಾಗ ಬಿಡಬೇಕು. ಮೇಲಿನ ಕಸ ಸರಿಸಿ 15 ಸೆಂಟಿಮೀಟರ್, ಅಂದರೆ ಅರ್ಧ ಅಡಿ ಆಳದ ಗುಂಡಿಯನ್ನು ಇಳಿಜಾರಾಗಿ ತೆಗೆದು, ಅದರ ಬದಿಯಿಂದ ಮೇಲಿನಿಂದ ಕೆಳಗಿನವರೆಗೆ ಮಣ್ಣು ಕೆತ್ತಿ ತೆಗೆಯಿರಿ. ಎಲ್ಲವನ್ನೂ ಬೆರೆಸಿ, ನಾಲ್ಕು ಭಾಗ ಮಾಡಿ, ಎದುರು ಬದುರಿನ ಎರಡು ಭಾಗ ಬಿಟ್ಟು, ಉಳಿದುದನ್ನು ಮತ್ತೆ ಹಾಗೆಯೇ ಭಾಗಿಸುತ್ತ ಅರ್ಧ ಕಿಲೋಗೆ ಇಳಿಸಿ. ನೆರಳಿನಲ್ಲಿ ಒಣಗಿಸಿ. ಗೊಬ್ಬರದ ಚೀಲದಲ್ಲಿ ಎಂದೂ ತುಂಬಬೇಡಿ. ಚೀಟಿಯಲ್ಲಿ ನಿಮ್ಮ ಹೆಸರು, ತಂದೆಯ ಹೆಸರು, ಸರ್ವೆ ನಂಬರು, ಹಿಂದಿನ ಬೆಳೆ, ಮುಂದಿನ ಬೆಳೆ ಇವು ಇವೆಯೇ ಎಂದು ನೀವೇ ಓದಿ ನೋಡಿ. ನಮ್ಮಿಂದಾದ ತಪ್ಪು ಮತ್ತೊಮ್ಮೆ ಆಗಬಾರದು.

3. ತಾಕು ಹೋಲಿಕೆ: ಹೊಸ ಪದ್ಧತಿಯನ್ನು ಇಡೀ ಹೊಲಕ್ಕೆ ಹರಡಬೇಡಿ. ಐದು ಗುಂಟೆ ಸಾಕು. ಪಕ್ಕದಲ್ಲೇ ಅಷ್ಟೇ ಜಾಗದಲ್ಲಿ ನಿಮ್ಮ ರೂಢಿಯ ಪದ್ಧತಿ ಇರಲಿ. ಉದಾಹರಣೆಗೆ, ಎಂಟು ಸಾಲು ರಾಗಿಗೆ ಎರಡು ಸಾಲು ತೊಗರಿ ಹಾಕುವ ಪದ್ಧತಿಯನ್ನು ನಿಮ್ಮ ಅಕ್ಕಡಿ ಸಾಲಿನ ಪಕ್ಕದಲ್ಲಿ ಇಟ್ಟು ನೋಡಬಹುದು. ಕೊಯ್ಲಿನಲ್ಲಿ ಎರಡೂ ಕಡೆ ತಾಕಿನ ನಡುವೆ 5 ಮೀಟರ್ ಉದ್ದ, 5 ಮೀಟರ್ ಅಗಲದ ಜಾಗ ಅಳೆದು ಬೇರೆಯಾಗಿ ಕೊಯ್ದು, ಬಡಿದು, ಒಣಗಿಸಿ ತೂಗಿ. ಆ ತೂಕವನ್ನು 162ರಿಂದ ಗುಣಿಸಿದರೆ ಎಕರೆಯ ಇಳುವರಿ ಸಿಗುತ್ತದೆ. 6 ಕಿಲೋ ಬಂದರೆ ಎಕರೆಗೆ ಸುಮಾರು 970 ಕಿಲೋ ಎಂದರ್ಥ. ತೊಗರಿ ತಡವಾಗಿ ಕೊಯ್ಲಿಗೆ ಬರುವುದರಿಂದ ಅದರ ಲೆಕ್ಕವನ್ನು ಬೇರೆಯಾಗಿ ಇಟ್ಟು ಕೊನೆಯಲ್ಲಿ ಎರಡು ಬೆಳೆಗಳ ಬೆಲೆಯನ್ನೂ ಕೂಡಿಸಬೇಕು. ಹುಲ್ಲಿನ ತೂಕವನ್ನೂ ಮರೆಯಬಾರದು. ಕಾಳು ಹೆಚ್ಚಿ ಹುಲ್ಲು ಕಡಿಮೆಯಾದರೆ ದನ ಸಾಕುವ ಮನೆಗೆ ಅದು ಲಾಭವೇ ಎಂಬುದನ್ನು ನೀವೇ ತೀರ್ಮಾನಿಸಬೇಕು.

ನೀವು ಕಲಿಸುವ ಪಾಠ

ನಾನು ವಿದ್ಯಾರ್ಥಿಯಾಗಿ ಹಳ್ಳಿಯಲ್ಲಿದ್ದ ವರ್ಷ ಮಳೆ ತಡವಾಗಿತ್ತು. ಒಂದು ರಾತ್ರಿ ಮಳೆ ಬಿತ್ತು. ಬಿತ್ತನೆಯ ಕೊನೆಯ ದಿನಾಂಕ ಸಮೀಪಿಸಿದೆ, ನಾಳೆಯೇ ರಾಗಿ ಬಿತ್ತಬೇಕೆಂದು ನಾನು ಟಿಪ್ಪಣಿ ಪುಸ್ತಕ ತೆಗೆದು ತೋರಿಸಿದೆ. ನನಗೆ ಇಂಬು ಕೊಟ್ಟಿದ್ದ ಯಜಮಾನರು ಹೊಲಕ್ಕೆ ಕರೆದೊಯ್ದು ಗುದ್ದಲಿಯಿಂದ ಅಗೆದು, ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ಬಿಟ್ಟರು. ಉಂಡೆ ಕಟ್ಟಲಿಲ್ಲ. "ತ್ಯಾವ ಒಂದು ಗೇಣೂ ಇಳಿದಿಲ್ಲ ತಮ್ಮಾ, ಇನ್ನೊಂದು ಮಳೆ ಬರಲಿ" ಎಂದರು. ಅವಸರಪಟ್ಟು ಬಿತ್ತಿದ್ದ ಹತ್ತಿರದ ಒಂದು ಹೊಲದಲ್ಲಿ ಮೊಳಕೆ ಬಂದು ಒಣಗಿತು. ಯಜಮಾನರು ಐದು ದಿನ ಕಾದು, ಮುಂದಿನ ಮಳೆಗೆ ಬಿತ್ತಿದರು. ಬಿತ್ತನೆಯ ದಿನಾಂಕ ಎಷ್ಟು ಮುಖ್ಯವೋ ಬಿತ್ತನೆಯ ತೇವವೂ ಅಷ್ಟೇ ಮುಖ್ಯವೆಂಬ ಪಾಠವನ್ನು ಇಂದಿಗೂ ತರಗತಿಯಲ್ಲಿ ಅವರ ಮುಷ್ಟಿಯನ್ನು ನೆನೆದೇ ಹೇಳುತ್ತೇನೆ.

ಆದುದರಿಂದ ವಿದ್ಯಾರ್ಥಿಗಳನ್ನು ಅತಿಥಿಗಳಂತೆ ಕೂರಿಸಬೇಡಿ. ಕುಂಟೆ ಹಿಡಿಯಲಿ, ಕಳೆ ತೆಗೆಯಲಿ, ಹಾಲು ಕರೆಯುವಾಗ ಬಳಿಯಲ್ಲಿ ನಿಲ್ಲಲಿ. ಅವರು ತಪ್ಪು ಹೇಳಿದರೆ ಎದುರಿಗೇ ತಿದ್ದಿ. ನಾಳೆ ಇವರಲ್ಲೇ ಕೆಲವರು ನಿಮ್ಮ ಹೋಬಳಿಯ ಕೃಷಿ ಅಧಿಕಾರಿಗಳಾಗಿ, ಬ್ಯಾಂಕಿನ ಸಾಲ ಅಧಿಕಾರಿಗಳಾಗಿ ಬರುತ್ತಾರೆ. ಇಂದು ನಿಮ್ಮ ಹೊಲದಲ್ಲಿ ಕಲಿಯದ ಪಾಠಕ್ಕೆ ನಾಳೆ ನಿಮ್ಮಂಥವರೇ ಬೆಲೆ ತೆರಬೇಕಾಗುತ್ತದೆ.

ತಂಡ ಬಂದಾಗ ಅಧ್ಯಾಪಕರನ್ನು ಕೇಳಬೇಕಾದ ಪ್ರಶ್ನೆಗಳು

1. ಈ ವರ್ಷದ ಕೆಲಸದ ಪಟ್ಟಿಯನ್ನು ಊರಿನವರನ್ನು ಕೇಳಿ ಮಾಡಿದ್ದೀರಾ? ಅದರಲ್ಲಿ ಹೆಂಗಸರ ಮಾತು, ಭೂಮಿಯಿಲ್ಲದ ಕೂಲಿಕಾರರ ಮಾತು ಸೇರಿದೆಯೇ?

2. ಮಣ್ಣು ಅಥವಾ ನೀರಿನ ಮಾದರಿ ಒಯ್ದರೆ ಫಲಿತಾಂಶ ಯಾವ ತಿಂಗಳಲ್ಲಿ ಕೈಗೆ ಬರುತ್ತದೆ? ಬಿತ್ತನೆಗೆ ಮೊದಲೋ, ಆಮೇಲೋ?

3. ನಮ್ಮ ಹೊಲದಲ್ಲಿ ಪ್ರಾತ್ಯಕ್ಷಿಕೆ ಮಾಡಿ ಬೆಳೆ ಕೆಟ್ಟರೆ ನಷ್ಟ ಯಾರದು? ಬೀಜ, ಗೊಬ್ಬರದ ಖರ್ಚು ಯಾರು ಕೊಡುತ್ತಾರೆ? ಇದನ್ನು ಮೊದಲೇ ಬರೆದುಕೊಳ್ಳುವುದು ಉತ್ತಮ.

4. ವಿದ್ಯಾರ್ಥಿಗಳು ಹೋದ ಮೇಲೆ ನಾವು ಯಾರನ್ನು ಕಾಣಬೇಕು? ಅವರ ಹೆಸರು, ದೂರವಾಣಿ ಸಂಖ್ಯೆಯನ್ನು ಪಂಚಾಯಿತಿ ಕಚೇರಿಯ ಗೋಡೆಯ ಮೇಲೆ ಬರೆಸಿ.

5. ನಮ್ಮಿಂದ ಬರೆದುಕೊಂಡ ಮಾಹಿತಿಯ ಪ್ರತಿಯೊಂದನ್ನು ಊರಿಗೆ ಕನ್ನಡದಲ್ಲಿ ಬರೆದು ಕೊಟ್ಟು ಹೋಗುತ್ತೀರಾ?

ಈ ಪ್ರಶ್ನೆಗಳನ್ನು ಕೇಳಿದರೆ ಅಧ್ಯಾಪಕರಿಗೆ ಬೇಸರವಾದೀತೆಂಬ ಸಂಕೋಚ ಬೇಡ. ಕೇಳುವ ಊರಿಗೆ ಹೋಗುವ ಅಧ್ಯಾಪಕ ಸಿದ್ಧನಾಗಿ ಹೋಗುತ್ತಾನೆ, ಅವನ ವಿದ್ಯಾರ್ಥಿಗಳೂ ಚೆನ್ನಾಗಿ ಕಲಿಯುತ್ತಾರೆ.

ಕೊನೆಯದಾಗಿ ಒಂದು ಮಾತು. ಅರಳಿಕಟ್ಟೆಯ ಆ ಹಿರಿಯರ ಊರಿಗೆ ನಾವು ಮುಂದೆ ಏಪ್ರಿಲ್ ತಿಂಗಳಲ್ಲೇ ಹೋಗಿ ಮಣ್ಣು ತೆಗೆದೆವು. ಜೂನ್ ಮುಗಿಯುವುದರೊಳಗೆ ಸರ್ವೆ ನಂಬರಿನ ಸಮೇತ ಚೀಟಿಗಳನ್ನು ಅವರವರ ಕೈಗೆ ಕೊಟ್ಟೆವು. ಒಂದೇ ಹೆಸರಿನ ಮೂವರಿಗೂ ಬೇರೆ ಬೇರೆ ಚೀಟಿ. ಹಿರಿಯರು ತಮ್ಮ ಚೀಟಿಯನ್ನು ಮೊಮ್ಮಗಳಿಂದ ಓದಿಸಿ ಕೇಳಿ, ಮಡಿಸಿ, ಪಹಣಿ ಇಟ್ಟಿದ್ದ ಪೆಟ್ಟಿಗೆಯಲ್ಲಿ ಇಟ್ಟುಕೊಂಡರು. ಈ ವರ್ಷ ನಿಮ್ಮ ಊರಿಗೆ ತಂಡ ಬಂದರೆ ಮಜ್ಜಿಗೆ ಕೊಡುವ ಮೊದಲೇ ಮೇಲಿನ ಐದು ಪ್ರಶ್ನೆಗಳನ್ನು ಕೇಳಿ. ಉತ್ತರ ಬಂದ ಮೇಲೆ ಮಜ್ಜಿಗೆಯನ್ನೂ ಕೊಡಿ, ಕುಂಟೆಯನ್ನೂ ಕೊಡಿ.